ಉದ್ದ ಬಾನೆಟ್ಟು, ಇನ್ನೂರು ಹೆಜ್ಜೆ

ಒಂದು ಕಾರನ್ನು ಮೂತಿಯಿಂದ ಬಾಲದವರೆಗೆ ಒಂದೇ ನೋಟದಲ್ಲಿ ನೋಡಬೇಕು. ಹೋದ ವರ್ಷ ಜೂನ್ ತಿಂಗಳಿಂದ ನನಗಿದ್ದ ಆಸೆ ಇದೊಂದೇ. ಕಣ್ಣು ನೆಟ್ಟಗಿರುವವರಿಗೆ ಇದು ಆಸೆ ಅಂತಲೇ ಅನ್ನಿಸಲಿಕ್ಕಿಲ್ಲ. ನಮ್ಮ ನೈರೋಬಿಯ ಥೀಕಾ ರೋಡಿನ ಬದಿಗೆ ಐದು ನಿಮಿಷ ನಿಂತರೆ ಬೇಡವೆಂದರೂ ನೂರು ಕಾರು ಇಡಿಯಾಗಿ ಕಾಣುತ್ತವೆ. ನನಗೆ ಕಾಣುವುದಿಲ್ಲ.

ಅಪ್ಪರ್ ಹಿಲ್‌ನಲ್ಲಿ ಆಸ್ಪತ್ರೆಯೊಂದರ ಕಣ್ಣಿನ ವೈದ್ಯೆಯೊಬ್ಬರು ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಅಂದರು. ನಾನು ಬಹಳ ಹೊತ್ತು ಗುಂಡಿ ಒತ್ತದೆ ಕೂತಿದ್ದೆ. ಯಂತ್ರ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ಅವರು ಕಾಗದ ತೋರಿಸಿದರು. ಸುತ್ತಲೂ ಕಪ್ಪು, ನಡುವೆ ಒಂದಿಷ್ಟು ಬಿಳಿ. ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ, ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ, ನಿಮ್ಮದು ತುಂಬಾ ಮುಂದುವರಿದಿದೆ ಅಂದರು. ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಹಿಡಿದಿಟ್ಟುಕೊಳ್ಳಲು ನೋಡೋಣ ಅಂದರು. ಎರಡು ವರ್ಷದಿಂದ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದೆ. ಪ್ರತಿ ಸಲವೂ ದಾರಿಗೆ ಅಡ್ಡ ಸ್ಟೂಲು ಇಟ್ಟಳೆಂದು ಹೆಂಡತಿಯನ್ನು ಬಯ್ಯುತ್ತಿದ್ದೆ. ಆ ಬೈಗುಳಗಳೆಲ್ಲ ಆವತ್ತು ಒಟ್ಟಿಗೆ ನೆನಪಾದವು.

ಮನೆಗೆ ಬಂದಮೇಲೆ ಅವಳ ಒಂದು ಬಳೆ ಇಸಿದುಕೊಂಡು ಕೈ ಪೂರ್ತಿ ಚಾಚಿ ಹಿಡಿದೆ. ಬಳೆಯೊಳಗೆ ಎಷ್ಟು ಕಾಣುತ್ತದೋ ಅಷ್ಟೇ ನನ್ನ ನೋಟ. ಹೊರಗಿನದು ಕತ್ತಲೆಯಲ್ಲ, ಅದನ್ನು ಜನಕ್ಕೆ ತಿಳಿಸಿ ಹೇಳುವುದೇ ಕಷ್ಟ. ನಿಮ್ಮ ಬೆನ್ನ ಹಿಂದಿನದು ನಿಮಗೆ ಕಪ್ಪಾಗಿ ಕಾಣುತ್ತದೆಯೇ? ಇಲ್ಲ. ಅದು ಇರುವುದೇ ಇಲ್ಲ. ಹಾಗೆ.

ನಾನು ನೈರೋಬಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಮೆಷಿನ್ ಡ್ರಾಯಿಂಗ್ ಕಲಿಸಿದವನು. ಮೇಲಿನ ನೋಟ, ಮುಂದಿನ ನೋಟ, ಪಕ್ಕದ ನೋಟ. ವಸ್ತುವನ್ನು ಪೂರ್ತಿ ನೋಡದೆ ಕಾಗದಕ್ಕೆ ಪೆನ್ಸಿಲ್ ತಾಗಿಸಬೇಡಿ ಎಂದು ಹುಡುಗರ ಮೇಲೆ ರೇಗಿದ್ದಕ್ಕೆ ಲೆಕ್ಕವಿಲ್ಲ. ಅಂಥವನಿಗೆ ಇನ್ನು ಮೇಲೆ ಒಂದು ಬೋಲ್ಟು ಮಾತ್ರ ಪೂರ್ತಿ ಕಾಣುತ್ತದೆ ಎಂದು ತೀರ್ಮಾನವಾಯಿತು.

ಕಾರಿನ ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಹೈಸ್ಕೂಲು ಓದುವಾಗ ಹಳೇ ಪೇಪರ್ ಅಂಗಡಿಯಲ್ಲಿ ವಿದೇಶಿ ಪತ್ರಿಕೆಯ ಒಂದು ಹಾಳೆ ಸಿಕ್ಕಿತ್ತು. ಅದರ ತುಂಬ ದೊಡ್ಡ ಇಂಜಿನ್ನಿನ ಒಂದು ಅಮೆರಿಕನ್ ಮಸಲ್ ಕಾರು, ಪಕ್ಕದ ನೋಟ. ನಮ್ಮೂರಿನಲ್ಲಿ ಆಗ ಓಡುತ್ತಿದ್ದವು ಎರಡೋ ಮೂರೋ ಬಗೆಯ ಕಾರು, ಎಲ್ಲವೂ ಗುಂಡಗೆ, ಸಭ್ಯವಾಗಿ, ಗುಮಾಸ್ತರಂತೆ. ಇದು ಹಾಗಿರಲಿಲ್ಲ. ಕಾರಿನ ಅರ್ಧದಷ್ಟು ಬರೀ ಬಾನೆಟ್ಟು. ಡಿಕ್ಕಿ ಮೋಟು. ಚಾವಣಿ ಮುಂದಿನ ಗಾಜಿನಿಂದ ಹೊರಟು ಎಲ್ಲೂ ನಿಲ್ಲದೆ ಬಾಲದ ತನಕ ಇಳಿದುಬಿಡುತ್ತಿತ್ತು. ಹಿಂದಿನ ಚಕ್ರದ ಮೇಲೆ ತಗಡು ಉಬ್ಬಿ, ಏಳಲು ಹೊರಟ ಹೋರಿಯ ಹಿಂಭಾಗದ ಹಾಗಿತ್ತು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜ್ಯಾಮಿಟ್ರಿ ಡಬ್ಬಿಯಲ್ಲಿ ಇಟ್ಟುಕೊಂಡೆ. ಮಡಿಕೆಯಲ್ಲೇ ಹರಿದುಹೋಗುವವರೆಗೂ ಇತ್ತು.

ಒಂಬತ್ತು ವರ್ಷದ ಹಿಂದೆ ಅಂಥದೇ ಒಂದು ಕಾರಿನ ತಗಡಿನ ಗೂಡು ನೈರೋಬಿಯಲ್ಲಿ ಸಿಕ್ಕಿತು. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಗುಣವೆಲ್ಲ ಅಮೆರಿಕದ್ದು, ಸ್ಟೀರಿಂಗ್ ನಮ್ಮಂತೆ ಬಲಕ್ಕೆ. ಒಂದು ಹಾರ್ಡ್‌ವೇರ್ ಅಂಗಡಿಯ ಹಿತ್ತಲಲ್ಲಿ ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಪಂಗಾನಿ ಬಡಾವಣೆಯಲ್ಲಿ ಟಿಂಕರಿಂಗ್ ಮಾಡುವ ಒಬ್ಬ ಮುದುಕನ ಅಂಗಳಕ್ಕೆ ಅದನ್ನು ಸಾಗಿಸಿದೆ. ಇಲ್ಲಿ ಕೈಕೆಲಸದವರನ್ನೆಲ್ಲ ಫುಂಡಿ ಅನ್ನುತ್ತಾರೆ, ನಾನೂ ಅವನನ್ನು ಹಾಗೇ ಕರೆದೆ. ಅವನು ನನ್ನನ್ನು ಮ್ವಾಲಿಮು ಅಂದ, ಮೇಷ್ಟ್ರು ಅಂತ. ಪ್ರತಿ ಶನಿವಾರ ಇಬ್ಬರೂ ಸೇರುತ್ತಿದ್ದೆವು. ಒಂದು ವರ್ಷ ಬಾಗಿಲು, ಎರಡು ವರ್ಷ ನೆಲದ ತಗಡು, ಎರಡು ವರ್ಷ ಹಳೇ ಇಂಜಿನ್ನು, ಮತ್ತೊಂದು ವರ್ಷ ಎಲ್ಲಿಂದಲೋ ತರಿಸಿದ ಗುಂಡು ಹೆಡ್‌ಲೈಟುಗಳಿಗಾಗಿ ಕಾಯುವುದು. ಪೋಲೆ ಪೋಲೆ ಮ್ವಾಲಿಮು, ನಿಧಾನ ನಿಧಾನ ಅನ್ನುತ್ತಿದ್ದ. ನಿಧಾನವೇ ನಮ್ಮ ಸುಖವಾಗಿತ್ತು. ಕಾರು ಮುಗಿದುಹೋದರೆ ಶನಿವಾರ ಏನು ಮಾಡುವುದು ಅನ್ನುವ ಭಯವೂ ಇಬ್ಬರಿಗೂ ಇದ್ದಿರಬೇಕು.

ನನ್ನ ಕಣ್ಣು ಪೂರ್ತಿ ಇದ್ದಾಗ ಕಾರು ಪೂರ್ತಿ ಇರಲಿಲ್ಲ. ಒಂದು ಮಡ್‌ಗಾರ್ಡ್ ಇಲ್ಲ, ಬಂಪರ್ ಇಲ್ಲ, ಪುಟ್ಟಿಯ ತೇಪೆ. ಈಗ ಕಾರು ಮುಗಿಯುವ ಹೊತ್ತಿಗೆ ಕಣ್ಣು ಮುಗಿಯುತ್ತಿದೆ.

ನಮ್ಮ ಮಗಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು. ಇಪ್ಪತ್ತಮೂರು ವಯಸ್ಸು, ಬ್ಯಾಟರಿಯ ಮೋಟಾರ್‌ಬೈಕು ಜೋಡಿಸುವ ಕಂಪನಿಯಲ್ಲಿ ಇಂಜಿನಿಯರು. ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅಪ್ಪನಿಗೆ ಎದುರು ಹೇಳುವುದು ಅವಳಿಗೆ ಅಮ್ಮನಿಂದ ಬಂದ ಆಸ್ತಿ. ನಮ್ಮಿಬ್ಬರ ಮುಗಿಯದ ಜಗಳ ಒಂದೇ: ಈ ಕಾರುಗಳ ರೂಪ ಮತ್ತೆ ಬರುತ್ತದೆಯೋ ಇಲ್ಲವೋ.

"ನೋ ಅಪ್ಪ," ಅನ್ನುತ್ತಿದ್ದಳು. "ಉದ್ದ ಬಾನೆಟ್ ವಾಸ್ ಫಾರ್ ಎ ಬಿಗ್ ಇಂಜಿನ್. ಬ್ಯಾಟರಿ ಸಿಟ್ಸ್ ಅಂಡರ್ ದ ಫ್ಲೋರ್. ವಾಟ್ ವಿಲ್ ಯು ಕೀಪ್ ದೇರ್, ಈರುಳ್ಳಿ?"

ಒಂದೊಂದನ್ನೇ ಕಡಿದು ಹಾಕುತ್ತಿದ್ದಳು. ಬಾನೆಟ್ ಮೇಲೆ ಗಾಳಿ ಕುಡಿಯಲು ಎದ್ದ ಆ ಸ್ಕೂಪು? ಇಂಜಿನ್ನೇ ಇಲ್ಲದಿದ್ದರೆ ಕುಡಿಯುವವರು ಯಾರು. ಫಳಫಳಿಸುವ ಉಕ್ಕಿನ ಬಂಪರು? ನಡೆದು ಹೋಗುವವರ ಮೊಣಕಾಲು ಮುರಿಯುತ್ತದೆ, ಕಾನೂನು ಬಿಡುವುದಿಲ್ಲ. ನಡುವೆ ಕಂಬವಿಲ್ಲದ ಪಕ್ಕದ ಕಿಟಕಿ? ಕಾರು ಮಗುಚಿದರೆ ಚಾವಣಿ ತಲೆಗೆ. ಇಳಿಜಾರು ಚಾವಣಿ ಬೇಕಾದರೆ ಬಂದೀತು, ಅದೂ ಗಾಳಿಗೆ ಅನುಕೂಲ ಅಂತ, ಚೆಂದಕ್ಕಲ್ಲ. ಗುಂಡು ದೀಪದ ಜಾಗದಲ್ಲಿ ಗುಂಡಗೆ ಉರಿಯುವ ಎಲ್‌ಇಡಿ ಬಂದೀತು, ಅದು ವೇಷ ಅಷ್ಟೇ.

ನಾನೂ ಬಿಡುತ್ತಿರಲಿಲ್ಲ. ಮಟಾಟುಗಳನ್ನು ನೋಡು ಅನ್ನುತ್ತಿದ್ದೆ. ಈ ಊರಲ್ಲಿ ಜನ ತುಂಬಿಕೊಂಡು ಓಡುವ ಮಟಾಟು ವ್ಯಾನುಗಳ ನೆತ್ತಿಯ ಮೇಲೆ ಏನನ್ನೂ ಉಸಿರಾಡದ ಸ್ಕೂಪು ಇರುತ್ತದೆ, ಬಾಲಕ್ಕೆ ರೆಕ್ಕೆ, ಮೈತುಂಬ ಪಟ್ಟೆ. ಯಾಕೆ? ಜನಕ್ಕೆ ಬೇಕು, ಅದಕ್ಕೆ. ಉಪಯೋಗಕ್ಕೆ ಹುಟ್ಟಿದ್ದು ಉಪಯೋಗ ತೀರಿದ ಮೇಲೆ ಚೆಂದಕ್ಕೆ ಉಳಿಯುತ್ತದೆ, ನಿನ್ನಮ್ಮನ ಸೆರಗಿನ ಹಾಗೆ ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಸೋಲುತ್ತಿರಲಿಲ್ಲ. ಆ ಜಗಳ ನನಗೆ ಅನ್ನದಷ್ಟು ಬೇಕಿತ್ತು.

ಜೂನ್ ಕಳೆದಮೇಲೆ ನಾನು ಪಂಗಾನಿಗೆ ವಾರಕ್ಕೆ ನಾಲ್ಕು ದಿನ ಹೋಗತೊಡಗಿದೆ, ಡ್ರೈವಿಂಗ್ ಬಿಟ್ಟು ಮಟಾಟುವಿನಲ್ಲಿ. ಫುಂಡಿಯ ಬೆನ್ನು ಹತ್ತಿದೆ. ಬೇಗ, ಬೇಗ. ಅವನಿಗೆ ಕಾರಣ ಹೇಳಿದಾಗ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ಆಮೇಲೆ ಪೋಲೆ ಪೋಲೆ ಅನ್ನುವುದನ್ನು ನಿಲ್ಲಿಸಿಬಿಟ್ಟ.

ಇನ್ನೊಂದು ತೊಡಕಿತ್ತು. ಅವನ ಅಂಗಳ ಇಕ್ಕಟ್ಟು. ಕಾರಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗೋಡೆ. ಅಲ್ಲಿ ನಿಂತರೆ ನನ್ನ ಬಳೆಯೊಳಗೆ ಬಾಗಿಲ ಹಿಡಿಯೋ ಅರ್ಧ ದೀಪವೋ ಬರುತ್ತಿತ್ತು. ವಸ್ತು ದೂರವಾದಷ್ಟೂ ಸಣ್ಣದಾಗುತ್ತದೆ, ಸಣ್ಣದಾದರೆ ಬಳೆಯೊಳಗೆ ಹಿಡಿಸುತ್ತದೆ. ಎರಡು ತ್ರಿಕೋನ ಬರೆದು ಲೆಕ್ಕ ಹಾಕಿದೆ: ಅರವತ್ತು ಹೆಜ್ಜೆ ದೂರ ನಿಂತರೆ ಇಡೀ ಕಾರು ಕಾಣಬೇಕು. ಬಯಲು ಬೇಕು. ಕಸರಾನಿಯಲ್ಲಿ ತನ್ನ ಚರ್ಚಿನವರದೊಂದು ಮಟ್ಟಸವಾದ ಬಯಲಿದೆ, ಕೇಳಿ ಇಟ್ಟಿದ್ದೇನೆ ಅಂದ ಫುಂಡಿ. ಬಣ್ಣ ಒಣಗಲಿ, ಅಲ್ಲಿಗೆ ಒಯ್ಯೋಣ ಅಂದ.

ದಸರೆಗೆ ಮೂರು ದಿನ ಮೊದಲು ಬಣ್ಣ ಮುಗಿಯಿತು. ಗಾಢ ನೀಲಿ, ಬಾನೆಟ್ಟಿನ ಉದ್ದಕ್ಕೂ ಎರಡು ಬಿಳಿ ಪಟ್ಟೆ. ಒಂದು ತಿಂಗಳು ಇದರ ಮೇಲೆ ನೀರೂ ಬೀಳಬಾರದು, ಬಟ್ಟೆಯೂ ತಾಗಬಾರದು, ಮೇಲೆ ಗಟ್ಟಿಯಾಗಿದ್ದರೂ ಒಳಗೆ ಹಸಿ ಇರುತ್ತದೆ ಎಂದು ಫುಂಡಿ ಬೆರಳೆತ್ತಿ ಎರಡು ಸಲ ಹೇಳಿದ. ನಾನು ತಲೆಯಾಡಿಸಿದೆ.

ಆಯುಧಪೂಜೆಯ ಬೆಳಿಗ್ಗೆ ಆ ಮಾತು ನನಗೆ ನೆನಪಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಮೂವತ್ತು ವರ್ಷ ಈ ಊರಿನಲ್ಲಿ ಆಯುಧಪೂಜೆಗೆ ನಮ್ಮ ಸೈಕಲ್ಲಿಗೂ ಕುಂಕುಮ ತಪ್ಪಿದ್ದಿಲ್ಲ, ನಕ್ಷೆ ಬರೆಯುವ ನನ್ನ ಡ್ರಾಫ್ಟರಿಗೂ ತಪ್ಪಿದ್ದಿಲ್ಲ. ಬರುವ ವರ್ಷ ಯಾವುದಕ್ಕೆ ಇಟ್ಟೆ ಅಂತ ನನಗೇ ಕಾಣುತ್ತದೋ ಇಲ್ಲವೋ. ಒಂಬತ್ತು ವರ್ಷ ಕಾದ ಕಾರನ್ನು ಈ ಹಬ್ಬದಲ್ಲಿ ಬರೀ ಮೈಯಲ್ಲಿ ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಹೆಂಡತಿ ಬುಟ್ಟಿ ತಂದಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಸೇವಂತಿಗೆ ಸಿಗದೆ ಹಳದಿ ಗುಲಾಬಿ, ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ.

"ರೀ, ಕುಂಕುಮ ಇಡಬಹುದಾ? ಆ ಅಜ್ಜ ಏನೂ ಅನ್ನಲ್ವಾ?" ಅಂದಳು.

"ಇಡಬಹುದು ಇಡು. ಏನಾಗಲ್ಲ."

ಅವಳ ಕೈ ಆ ಉದ್ದ ಬಾನೆಟ್ಟಿನ ನಡುವಿಗೆ ಎಟುಕಲಿಲ್ಲ. ಕೊಡು ನಾನಿಡುತ್ತೇನೆ ಅಂದೆ. ನೀಲಿಯ ಮೇಲೆ ಇಡುತ್ತಿದ್ದೇನೆ ಅಂದುಕೊಂಡೇ ಇಟ್ಟೆ, ನೀಲಿಯ ಮೇಲಾದರೆ ಕಲೆ ಕಾಣುವುದಿಲ್ಲ ಅನ್ನುವ ಕಳ್ಳ ಲೆಕ್ಕ ಬೇರೆ. ಬೆರಳು ಬಳೆಯಿಂದ ಆಚೆ ಎಲ್ಲಿಗೆ ಹೋಯಿತೋ. ದೊಡ್ಡದಾಗಿ ಸ್ವಸ್ತಿಕ ಬರೆದೆ, ಸುತ್ತ ನಾಲ್ಕು ಚುಕ್ಕೆ ಇಟ್ಟೆ. ನಾನು ಬಿಳಿ ಪಟ್ಟೆಯ ಮೇಲೆಯೇ ಬರೆದಿದ್ದೆನೆಂದು ಹೆಂಡತಿಗೆ ಕಂಡಿತ್ತು, ಹಾಗೇ ಬೇಕು ಅಂತ ಬರೆದೆ ಅಂದುಕೊಂಡಳಂತೆ. ಫುಂಡಿ ಆವತ್ತು ಅಂಗಳದಲ್ಲಿರಲಿಲ್ಲ, ಯಾರದೋ ಮದುವೆಗೆ ಹೋಗಿದ್ದ.

ಮರುದಿನ ಬೆಳಿಗ್ಗೆ ಅವನ ಫೋನು ಬಂತು. ಬನ್ನಿ ಅಂದು ಇಟ್ಟ. ಒದ್ದೆ ಬಟ್ಟೆಯಿಂದ ಒರೆಸಿದ್ದ, ಪಾಲಿಶ್ ಹಾಕಿ ಉಜ್ಜಿದ್ದ. ಕೆಂಪು ಹೋಗಿರಲಿಲ್ಲ. ಹಸಿ ಬಣ್ಣ ಕುಂಕುಮವನ್ನು ಕುಡಿದುಬಿಟ್ಟಿತ್ತು. ಬಿಳಿ ಪಟ್ಟೆಯ ಮೇಲೆ ಹಳೇ ಗಾಯದ ಬಣ್ಣದ ಸ್ವಸ್ತಿಕ.

"ಮ್ವಾಲಿಮು, ನಾನು ಹೇಳಿದ್ದೆ," ಅಂದ. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಉಪ್ಪುಕಾಗದದಲ್ಲಿ ಪಟ್ಟೆ ಉಜ್ಜಿ ತೆಗೆಯಬೇಕು, ಮತ್ತೆ ಬಿಳಿ, ಮತ್ತೆ ಮೇಲಿನ ಹೊಳಪು, ಮತ್ತೆ ಒಣಗಲು ಬಿಡಬೇಕು. ನನ್ನ ಜೊತೆ ಬಂದಿದ್ದ ಹೆಂಡತಿ ಅಳುತ್ತಾ ಅಂದಳು, "ಕಲೆ ಇದ್ರೆ ಇರ್ಲಿ ಬಿಡ್ರೀ. ಈ ವಾರಾನೇ ಕಸರಾನಿಗೆ ತಗೊಂಡ್ ಹೋಗಿ ನೋಡ್ಕೊಂಡ್ ಬಂದುಬಿಡಿ. ಆಮೇಲೆ ಬೇಕಾದ್ರೆ ಪಟ್ಟೆ ಸರಿಮಾಡ್ಸಿ."

ನಾನು ಅವಳ ಮೇಲೆ ಕಿರುಚಿದೆ. ಅರೆಬರೆಯದನ್ನು ನೋಡುವುದಕ್ಕೆ ಒಂಬತ್ತು ವರ್ಷ ಕಾದೆನೇ ಅಂದೆ. ಪೂರ್ತಿ ಆದಮೇಲೆ ನೋಡುತ್ತೇನೆ, ಇಲ್ಲದಿದ್ದರೆ ನೋಡುವುದೇ ಇಲ್ಲ ಅಂದೆ. ಮೇಷ್ಟರ ಗಂಟಲು, ಪಂಗಾನಿಯ ಆ ಓಣಿಗೆಲ್ಲ ಕೇಳಿಸಿರಬೇಕು.

ಆಮೇಲೆ ಮಳೆ ಹಿಡಿಯಿತು. ಗಾಳಿಯಲ್ಲಿ ತೇವ ಇದ್ದಾಗ ಬಣ್ಣ ಹೊಡೆದರೆ ಹಾಲಿನ ಹಾಗೆ ಮಂಕಾಗುತ್ತದೆ ಎಂದು ಫುಂಡಿ ಕಾದ. ಮಳೆ ಬಿಟ್ಟ ದಿನ ಕರೆಂಟಿಲ್ಲ, ಕಂಪ್ರೆಸರ್ ಓಡುವುದಿಲ್ಲ. ಐದು ವಾರ ಹೀಗೆ ಹೋಯಿತು. ನಾನು ದಿನಾ ಬೆಳಿಗ್ಗೆ ಕೈಚಾಚಿ ಬಳೆ ಹಿಡಿಯುತ್ತಿದ್ದೆ. ಮೊದಲು ಬಳೆಯ ಅಂಚು ಮಾಯವಾಯಿತು. ನಿನ್ನೆಗಿಂತ ಕಡಿಮೆಯೋ, ನನ್ನ ಭ್ರಮೆಯೋ ಎಂದು ದಿನದಲ್ಲಿ ಹತ್ತು ಸಲ ಹಿಡಿದು ನೋಡುತ್ತಿದ್ದೆ. ಕಣ್ಣಿಗೆ ಬಿಡುವ ಹನಿಯನ್ನು ಹೇಳಿದ್ದಕ್ಕಿಂತ ಹೆಚ್ಚು ಬಿಟ್ಟುಕೊಂಡು ವೈದ್ಯೆಯಿಂದ ಬೈಸಿಕೊಂಡೆ. ದೇವರ ಮುಂದೆ ನಿಂತು ಒಂದು ತಿಂಗಳು ಕೊಡು, ಅದಾದಮೇಲೆ ಎಲ್ಲಾ ತಗೋ ಎಂದು ಚೌಕಾಸಿ ಮಾಡಿದೆ. ನವೆಂಬರ್ ಕೊನೆಗೆ ವೈದ್ಯೆ ಮತ್ತೆ ಗುಂಡಿ ಒತ್ತಿಸಿದರು, ಕಾಗದವನ್ನು ನನಗೆ ತೋರಿಸದೆ ಫೈಲಿಗೆ ಸೇರಿಸಿದರು. ಮನೆಗೆ ಬಂದು ಬಳೆ ಬಿಟ್ಟು ನನ್ನ ಉಂಗುರ ಬಿಚ್ಚಿ ಹಿಡಿದೆ. ಅದು ಸರಿಯಾಗಿ ಹೊಂದಿತು. ಮತ್ತೆ ತ್ರಿಕೋನ ಬರೆದೆ. ಅರವತ್ತು ಹೆಜ್ಜೆ ಹೋಗಿ ಇನ್ನೂರು ಆಗಿತ್ತು.

ಪಟ್ಟೆ ಮತ್ತೆ ಬಿಳಿಯಾಗಿ ಒಣಗಿತು. ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಚರ್ಚಿನ ಜನ ಹೋದ ಮೇಲೆ, ಮಗಳು ಕಾರನ್ನು ಕಸರಾನಿಯ ಬಯಲಿಗೆ ಓಡಿಸಿಕೊಂಡು ಬಂದಳು. ಫುಂಡಿ ಅವಳ ಪಕ್ಕ ಕೂತಿದ್ದ. ನಾನೂ ಹೆಂಡತಿಯೂ ನಮ್ಮ ಸಣ್ಣ ಜಪಾನಿ ಕಾರಿನಲ್ಲಿ ಹಿಂದೆ ಬಂದೆವು, ಅವಳೇ ಓಡಿಸಿದಳು. ಬಿಸಿಲು ಚೆನ್ನಾಗಿತ್ತು. ನನಗೆ ಬೇಕಾದ ಹಾಗೆ ಕಾರನ್ನು ಅಡ್ಡ ನಿಲ್ಲಿಸಿದರು, ಪಕ್ಕದ ನೋಟಕ್ಕೆ.

ಹೆಂಡತಿ ನನ್ನ ಮೊಣಕೈ ಹಿಡಿದಳು. ನಾನು ಹಿಮ್ಮುಖವಾಗಿ ನಡೆಯುತ್ತಾ ಹೋದೆ, ಅವಳು ಹೆಜ್ಜೆ ಎಣಿಸುತ್ತಾ ಬಂದಳು. ಇಪ್ಪತ್ತಕ್ಕೆ ಬಾಗಿಲ ಹಿಡಿ ಮಾತ್ರ. ಅರವತ್ತಕ್ಕೆ ಒಂದು ಬಾಗಿಲು. ನೂರಕ್ಕೆ ಬಾಗಿಲು, ಕಿಟಕಿ, ಬಾನೆಟ್ಟಿನ ಶುರು. ನೂರೈವತ್ತಕ್ಕೆ ಹಿಂದಿನ ಉಬ್ಬು ಬಂತು, ಆದರೆ ಮೂತಿ ಇನ್ನೂ ಬಂದಿರಲಿಲ್ಲ. ಇನ್ನೂರು ಅಂದಳು. ನಿಂತೆ.

ಬಂತು. ಮೂತಿಯಿಂದ ಬಾಲದವರೆಗೆ, ಉಂಗುರದೊಳಗೆ, ಇಡೀ ಕಾರು. ಉದ್ದ ಬಾನೆಟ್ಟು, ಮೋಟು ಡಿಕ್ಕಿ, ಎಲ್ಲೂ ನಿಲ್ಲದೆ ಇಳಿದ ಚಾವಣಿ. ಜ್ಯಾಮಿಟ್ರಿ ಡಬ್ಬಿಯ ಹಾಳೆಗಿಂತ ಸಣ್ಣದು, ಬೆಂಕಿಪೊಟ್ಟಣದ ಚಿತ್ರದಷ್ಟು. ಉಸಿರು ಬಿಡಲು ಭಯವಾಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

ಆಮೇಲೆ ಹೊಳೆಯಿತು. ಬಾನೆಟ್ ಮೇಲಿನ ಬಿಳಿ ಪಟ್ಟೆ ಕಾಣುತ್ತಿರಲಿಲ್ಲ. ಕಣ್ಣಿನ ದೋಷವಲ್ಲ. ಮೇಲ್ಮೈಯಲ್ಲಿರುವ ಪಟ್ಟೆ ಪಕ್ಕದ ನೋಟದಲ್ಲಿ ಯಾರಿಗೂ ಕಾಣುವುದಿಲ್ಲ. ಮೊದಲ ವರ್ಷದ ಹುಡುಗರಿಗೆ ಮೊದಲ ವಾರ ಕಲಿಸುವ ಪಾಠ. ಕುಂಕುಮದ ಕಲೆ ಅಲ್ಲೇ ಇದ್ದಿದ್ದರೂ ನನಗೆ ಈ ನೋಟದಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಹೆಂಡತಿ ಹೇಳಿದ ವಾರವೇ ಬಂದಿದ್ದರೆ ಅರವತ್ತೇ ಹೆಜ್ಜೆ ದೂರ ನಿಂತು, ಇದರ ಮೂರರಷ್ಟು ದೊಡ್ಡದಾಗಿ, ಬಾಗಿಲ ಹಿಡಿ, ಚಕ್ರದ ಬೋಲ್ಟು ಸಮೇತ ನೋಡಬಹುದಿತ್ತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ಹೊಳೆಯಲಿಲ್ಲ. ಹೆಂಡತಿಗೆ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮಗಳು.

"ಅಪ್ಪ, ಕ್ಯಾನ್ ಯು ಸೀ ಮಿ?"

"ಎಲ್ಲಿದ್ದೀಯಮ್ಮ? ಕಾರೊಳಗಾ?"

ಹೆಂಡತಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಕಾರಿನ ಮುಂದೇನೇ ನಿಂತಿದಾಳೆ ರೀ. ಎರಡೂ ಕೈ ಆಡಿಸ್ತಿದಾಳೆ. ಆಗಿಂದ."

ಕಾರು ಉಂಗುರವನ್ನು ಪೂರ್ತಿ ತುಂಬಿಕೊಂಡಿತ್ತು. ಮೂತಿಯಿಂದ ನಾಲ್ಕು ಹೆಜ್ಜೆ ಮುಂದೆ ನಿಂತ ನನ್ನ ಮಗಳಿಗೆ ಅದರಲ್ಲಿ ಜಾಗವಿರಲಿಲ್ಲ. ನಾನು ಕಣ್ಣು ಸರಿಸಿ ಹುಡುಕಿದೆ. ಅವಳು ಸಿಗುವ ಹೊತ್ತಿಗೆ ಕೈ ಕೆಳಗಿಳಿಸಿದ್ದಳು.

ಇಂಜಿನ್ ಗುಡುಗಿತು. ಅವಳು ಕಾರನ್ನು ನನ್ನ ಕಡೆಗೇ ತಂದಳು. ಅದು ಹತ್ತಿರವಾದಷ್ಟೂ ಹೋಗುತ್ತಾ ಬಂತು. ಮೊದಲು ಚಾವಣಿ ಹೋಯಿತು, ಆಮೇಲೆ ಬಂಪರ್, ಸ್ಕೂಪು. ಬಿಳಿ ಪಟ್ಟೆ ಒಂದು ಕ್ಷಣ ಬಂದು ಅದೂ ಹೋಯಿತು. ನನ್ನ ಮುಂದೆ ನಿಂತಾಗ ಒಂದು ಗುಂಡು ಹೆಡ್‌ಲೈಟು ಉಳಿದಿತ್ತು. ಬಾಗಿಲ ಸದ್ದಾಯಿತು, ಅವಳು ಇಳಿದು ಬಂದು ನನ್ನೆದುರು ನಿಂತಳು. ನಾನು ಅವಳ ಎಡಗಣ್ಣು ನೋಡಿದೆ, ಆಮೇಲೆ ಬಲಗಣ್ಣು. ಎರಡೂ ಒದ್ದೆಯಾಗಿದ್ದವು.

ಏನಾದರೂ ಮಾತಾಡಬೇಕಿತ್ತು. ನಮಗೆ ಗೊತ್ತಿದ್ದ ಮಾತು ಒಂದೇ.

"ಹೇಳು, ಇಂಥ ಕಾರು ಮತ್ತೆ ಬರತ್ತಾ?" ಅಂದೆ.

ಕಾನೂನು, ಗಾಳಿ, ಮೊಣಕಾಲು, ಬ್ಯಾಟರಿ, ಈರುಳ್ಳಿ. ಅಷ್ಟನ್ನೂ ಅವಳು ಇಂಗ್ಲಿಷಿನಲ್ಲಿ ನನ್ನ ಮುಖಕ್ಕೆ ಎಸೆಯಲಿ ಎಂದು ಕಾದೆ. ನನಗೆ ಅದು ಬೇಕಾಗಿತ್ತು.

"ಬರತ್ತೆ ಅಪ್ಪ," ಅಂದಳು. ನಿಧಾನವಾಗಿ, ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಅಂದಳು. "ಎಲ್ಲಾ ಮತ್ತೆ ಬರತ್ತೆ."

ಈ ಜಗಳದಲ್ಲಿ ಯಾವತ್ತೂ ಸೋಲದವಳು ಸೋತುಕೊಟ್ಟಿದ್ದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅಪ್ಪರ್ ಹಿಲ್‌ನಲ್ಲಿ ಆಗಿರಲಿಲ್ಲ, ಉಂಗುರ ಹಿಡಿದ ದಿನವೂ ಆಗಿರಲಿಲ್ಲ.

"ಬರಲ್ಲ ಅನ್ನು," ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಅನ್ನಲಿಲ್ಲ.